ದಾಖಲೆಯನ್ನು ಗೇಟಿನಾಚೆ ದಬ್ಬಿದವರಿಗೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಕಳೆದ ಸೋಮವಾರ ಬನಹಟ್ಟಿಯ ನಮ್ಮ ಶಾಲೆಗೆ ಬಂದು, ನನ್ನ ವಿದ್ಯಾರ್ಥಿನಿಯ ಇತಿಹಾಸ ಪ್ರಬಂಧದ ವಿಷಯವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದಿರಿ. ಅಷ್ಟಕ್ಕೇ ನಿಲ್ಲಲಿಲ್ಲ. ಉಳಿದದ್ದು ನಿಮ್ಮ ವರದಿಯಲ್ಲಿ ಇರಲಿಕ್ಕಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಚಿಮ್ಮಡದ ಕುರಿಗಾರರ ಮನೆಯ ಸುಂದರವ್ವ ಮ್ಯಾಟ್ರಿಕ್ ತರಗತಿಯವಳು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿದೆ, ಇನ್ನು ಎಲ್ಲರ ಇತಿಹಾಸಕ್ಕೂ ಜಾಗವಿದೆ ಎಂದು ನಂಬಿ, ವಿಷಯ ನೀವೇ ಆರಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳಿದ್ದೆ. ಉಳಿದವರು ಪಠ್ಯಪುಸ್ತಕ ತಿರುವಿ ಒಬ್ಬೊಬ್ಬ ಅರಸನನ್ನು ಹಿಡಿದುಕೊಂಡರು. ಇವಳು 'ನಮ್ಮ ಮನೆತನ ಚಿಮ್ಮಡಕ್ಕೆ ಬಂದ ಬಗೆ' ಎಂದು ಬರೆದಳು. ಆಧಾರ, ಹೆಳವ ಹುಲೆಪ್ಪ. ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು, ಮೊರದ ತುಂಬ ಜೋಳ ಪಡೆದು, ಆ ಮನೆಯ ಹಿರಿಯರ ಹೆಸರುಗಳನ್ನು ಹೊತ್ತಗೆ ಬಿಚ್ಚಿ ಓದುವವನು. ಹುಟ್ಟಿದವರನ್ನೂ ಸತ್ತವರನ್ನೂ ಬರೆದುಕೊಂಡು ಹೋಗುವವನು. ನನ್ನ ಮಾತಿಗೆ ಒಪ್ಪಿ ಅವನು ಹೊತ್ತಗೆ ಸಮೇತ ಶಾಲೆಗೇ ಬಂದ.

ಒಳಗೆ ನೀವು "ದಾಖಲೆ ಎಲ್ಲಿದೆ?" ಎಂದು ಹುಡುಗಿಯನ್ನು ಗದರುತ್ತಿದ್ದಾಗ ದಾಖಲೆ ಗೇಟಿನಲ್ಲೇ ನಿಂತಿತ್ತು. ಅವಳ ಅಜ್ಜಿ ಮಾಯವ್ವ ಅದರ ಮುಂದೆ ಮೊರ ಹಿಡಿದಿದ್ದಳು. ಶಾಲೆಯಲ್ಲಿ ಭಿಕ್ಷುಕನಿಗೇನು ಕೆಲಸ ಎಂದು ಸಿಡುಕಿ, ಜವಾನನಿಂದ ಅವನನ್ನು ಹೊರಗೆ ದಬ್ಬಿಸಿದಿರಿ. ಜೋಳವೆಲ್ಲ ಮಣ್ಣುಪಾಲಾಯಿತು. ಮಾನ್ಯರೇ, ನಮ್ಮ ಮನೆಯ ವಂಶಾವಳಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಅದರಲ್ಲಿ ಮೊದಲ ನಾಲ್ವರು ನಮ್ಮಜ್ಜನ ಕಲ್ಪನೆ. ಇಂದಿನವರೆಗೆ ಯಾರೂ ನನ್ನನ್ನು ಆಧಾರ ಕೇಳಿಲ್ಲ. ಕೇಳುವ ಧೈರ್ಯ ನಿಮಗಿದೆಯೇ?

ನಾನು ಹುಲೆಪ್ಪನ ಹಿಂದೆ ಓಡಿ ಕೈಮುಗಿದೆ. ಅವನು ಹೊತ್ತಗೆ ಕಟ್ಟುತ್ತ, "ಭಿಕ್ಷುಕ ಅಂದ ಮ್ಯಾಲ ಈ ಮನಿ ಹೊತ್ತಿಗಿ ಇನ್ನ ಬಿಚ್ಚೂದಿಲ್ರಿ ಮಾಸ್ತರ" ಎಂದ.

ಮಾಯವ್ವ ಜೋಳ ಆಯುತ್ತಲೇ ಕೇಳಿದಳು: "ನಮ್ಮ ಕಾಮಣ್ಣನ ಹೆಸರ ಬರೀಲಿಲ್ಲಲ್ಲೋ ಎಪ್ಪಾ."

ಕಾಮಣ್ಣ ಅವಳ ಮಗ, ಸುಂದರವ್ವನ ತಂದೆ. ಹೋದ ಮಳೆಗಾಲದಲ್ಲಿ ಕುರಿ ದಾಟಿಸುವಾಗ ಹೊಳೆಯ ಪಾಲಾದ, ಹೆಣವೂ ಸಿಗಲಿಲ್ಲ. ಹೊತ್ತಗೆಯಲ್ಲಿ ಸೇರದವನು ಹಿರಿಯರನ್ನು ಸೇರುವುದಿಲ್ಲ ಎಂದು ಆ ತಾಯಿ ನಂಬಿದ್ದಾಳೆ. ನಿಮ್ಮ ಮೇಲಿರುವಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ. ಮನೆಯಂಗಳದ ಕೆಲಸವನ್ನು ನಿಮ್ಮ ಕಣ್ಣಿಗೆ ಬೀಳುವಂತೆ ಎಳೆದು ತಂದವನು ನಾನೇ.

ಹುಲೆಪ್ಪ ಅಮಾವಾಸ್ಯೆಯವರೆಗೆ ಅನಗವಾಡಿಯಲ್ಲಿ ಬಿಡಾರ ಹೂಡಿದ್ದಾನೆ. ಜವಾನನನ್ನು ಕಳಿಸಬೇಡಿ, ನೀವೇ ಹೋಗಿ. ತಪ್ಪಾಯಿತು ಎಂದು ಹೇಳಿ ಚಿಮ್ಮಡಕ್ಕೆ ಕರೆತನ್ನಿ. ಅವನು ಕಾಮಣ್ಣನ ಹೆಸರು ಬರೆದು ಮುಗಿಸುವವರೆಗೆ ಮಾಯವ್ವನ ಅಂಗಳದಲ್ಲಿ ನೆಲದ ಮೇಲೆ ಕೂತಿರಿ. ಆಮೇಲೆ ಬೇಕಾದರೆ ಪ್ರಬಂಧಕ್ಕೆ ಸೊನ್ನೆ ಕೊಡಿ. ಸುಂದರವ್ವ ಅದಕ್ಕೆ ಒಪ್ಪಿದ್ದಾಳೆ.

ಇಂತಿ,
ವಿಷಯವನ್ನು ಮಕ್ಕಳ ಆಯ್ಕೆಗೆ ಬಿಟ್ಟು ಕೆಟ್ಟ
ದತ್ತಾತ್ರೇಯ, ಇತಿಹಾಸದ ಮಾಸ್ತರ
ಬನಹಟ್ಟಿ