ಒಳಗೆ ತಂದ ವಯೋಲಾ

ಹಿಲ್ಸ್‌ಬರೋ, ನ್ಯೂಜೆರ್ಸಿ
ನವೆಂಬರ್ 16, ಭಾನುವಾರ

ಪ್ರೀತಿಯ ಸೊಸೆ ಸುಪ್ರಿಯಾಗೆ,

ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೇ? ಬಾಸ್ಕಿಂಗ್ ರಿಡ್ಜ್‌ನಲ್ಲಿ ಗೆಳತಿಯ ಮನೆಯಲ್ಲಿದ್ದೀಯ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ನನ್ನ ಮಂಡಿ ಹಾಗೇ ಇದೆ. ನೀನು ಮನೆ ಬಿಟ್ಟು ಇಪ್ಪತ್ತಾರು ದಿನ. ಫೋನ್ ಎತ್ತುತ್ತಿಲ್ಲವೆಂದು ಕಿರಣ ನನ್ನಿಂದ ಈ ಕಾಗದ ಬರೆಸುತ್ತಿದ್ದಾನೆ. "ಅವ್ವಾ, ನೀ ಬರದ್ರ ಆಕಿ ಮನಿಗೆ ಬರ್ತಾಳ. ನಿನ್ನ ಮಾತ ಮೀರಂಗಿಲ್ಲ" ಎಂದು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಾನೆ.

ಮೊದಲು ನಿನ್ನ ವಯೋಲಾ ಗಿಡಗಳ ಸುದ್ದಿ. ಸೆಪ್ಟೆಂಬರ್ ಕೊನೆಗೆ ನೀನು ಮುಂಬಾಗಿಲ ಮೆಟ್ಟಿಲ ಮೇಲಿಟ್ಟ ಆರು ಕುಂಡಗಳಲ್ಲಿ ಎರಡು ಉಳಿದಿವೆ. ತಪ್ಪು ನನ್ನದು. ನೀನು ಹೋದ ವಾರವೇ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತು. "ಅತ್ತೆ, ಇದಕ್ಕೆ ಚಳೀನೇ ಬೇಕು, ಸ್ವೆಟರ್ ಹಾಕ್ಬೇಡಿ ಮತ್ತೆ" ಎಂದು ನೀನು ತಮಾಷೆ ಮಾಡಿದ್ದು ನೆನಪಿತ್ತು. ಆದರೆ ವಿಜಯಪುರದ ಬಿಸಿಲಲ್ಲಿ ಬೆಳೆದವಳಿಗೆ ಚಳಿ ಬೇಡುವ ಹೂವಿದೆಯೆಂದು ನಂಬಲಾಗಲಿಲ್ಲ. ಎತ್ತಲು ಸಾಧ್ಯವಾದ ನಾಲ್ಕನ್ನು ಒಳಗೆ ತಂದು ಹೀಟರ್ ಗಾಳಿ ಬರುವಲ್ಲಿಟ್ಟೆ. ಹತ್ತು ದಿನದಲ್ಲಿ ಕಾಂಡಗಳು ಉದ್ದುದ್ದ ಎದ್ದು ಬಾಗಿದವು, ಎಲೆ ಹಳದಿಯಾಗಿ ಹೇನು ಹತ್ತಿತು, ಮೊಗ್ಗು ಬಿಡಲೇ ಇಲ್ಲ. ಮತ್ತೆ ಹೊರಗಿಟ್ಟೆ, ಮರುದಿನಕ್ಕೆ ಕುಸಿದಿದ್ದವು. ಹೊರಗೇ ಬಿಟ್ಟ ಎರಡು ದೊಡ್ಡ ಕುಂಡಗಳಲ್ಲಿ ನೇರಳೆ ಹೂವು ಇನ್ನೂ ಇದೆ. ಬೆಳಿಗ್ಗೆ ಸೆಟೆದು ತಲೆ ತಗ್ಗಿಸಿರುತ್ತವೆ, ಹತ್ತು ಗಂಟೆಯ ಬಿಸಿಲಿಗೆ ನೆಟ್ಟಗಾಗುತ್ತವೆ. ಬಾಡಿದ್ದನ್ನು ನೀನು ತೋರಿಸಿದಂತೆ ತೊಟ್ಟಿನ ಸಮೇತ ಚಿವುಟುತ್ತೇನೆ. ಜನವರಿ ದಾಟುತ್ತವೆಂಬ ಭರವಸೆ ನನಗಿಲ್ಲ.

ದೀಪಾವಳಿಯ ದಿನದ್ದನ್ನು ಬರೆಯದೆ ಮುಗಿಸಲಾರೆ. ಬ್ರಿಡ್ಜ್‌ವಾಟರ್‌ನಿಂದ ಬಂದ ಅತಿಥಿಗಳಿಗೆ ಕಿರಣ ನಿನ್ನ ಕುಂಡಗಳನ್ನು ತೋರಿಸಿ, "ಲೈಸೆನ್ಸ್ ಪರೀಕ್ಷಾ ಎರಡ್ ಸಲ ಫೇಲ್ ಆತ್ರಿ, ಈಗ ನಮ್ಮ ಡೆಂಟಿಸ್ಟ್ ಮೇಡಂ ಮಾಲಿ ಆಗ್ಯಾರ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಚಕ್ಕುಲಿ ತಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದೆ, ಅವನನ್ನಲ್ಲ. ಅವನ ತಂದೆಯೂ ನಾನು ಅನುವಾದದ ಕಾದಂಬರಿ ಹಿಡಿದು ಕೂತರೆ ನೆಂಟರ ಮುಂದೆ ಹೀಗೇ ಆಡಿಕೊಳ್ಳುತ್ತಿದ್ದರು. ಪುಸ್ತಕ ಮುಚ್ಚಿಟ್ಟು ನಗುತ್ತಿದ್ದೆ. ನಲವತ್ತು ವರ್ಷದ ರೂಢಿ ಅಂದು ಬಾಯಿಗೆ ಬಂತು. ಕ್ಷಮಿಸೆಂದು ಕೇಳುವುದಿಲ್ಲ, ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪರೀಕ್ಷೆಗೆ ಓದುವುದನ್ನು ಬಿಡಬೇಡ. ನಿನ್ನ ಗೆಳತಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅತ್ತೆ,
ಕಾಶಿಬಾಯಿ

ತಾ.ಕ.: ಲಕೋಟೆ ಅಂಟಿಸಬೇಕು, ಕಿರಣ ಕಾರು ಹೊರಗೆ ತೆಗೆಯುತ್ತಿದ್ದಾನೆ. ಬಾ ಎಂದು ಬರೆದಿದ್ದೇನೆಂದೇ ತಿಳಿದಿದ್ದಾನೆ. ಪೆನ್ನು ಕೊಟ್ಟು ಹೋಗುವಾಗ, "ಮೊದಲ ಬರ್ಲಿ, ಆಮ್ಯಾಲ ನಾ ನೋಡ್ಕೋತೀನಿ" ಎಂದ. ಆ ದನಿ ನನಗೆ ಗೊತ್ತು. ಬರಬೇಡ, ಸುಪ್ರಿಯಾ. ಇದಕ್ಕೆ ಉತ್ತರವನ್ನೂ ಬರೆಯಬೇಡ. ಈ ಮನೆಗೆ ಬರುವ ಅಂಚೆಯನ್ನೆಲ್ಲ ಒಡೆದು ನೋಡುವವನು ಅವನೇ.