ಉಳಿದುಹೋದ ಬೆಳಕು

ಫೆಬ್ರವರಿ 18, ಬೆಳಿಗ್ಗೆ

ದೂರದರ್ಶಕದ ಕ್ಯಾಮೆರಾ ತಣ್ಣಗಿಡಲು ದ್ರವ ಸಾರಜನಕ ತುಂಬಿಸಿದೆ. ಬೆರಳು ಮರಗಟ್ಟಿವೆ. ಅಡುಗೆಮನೆಗೆ ಬಂದರೆ ವೀಕ್ಷಣಾಲಯದ ಮುಖ್ಯಸ್ಥ ಟು ಮೇಷ್ಟ್ರು ಸೋಯಾ ಹಾಲು ಹೀರುತ್ತಾ ತೈಪೆಯ ಪತ್ರಕರ್ತರ ಜೊತೆ ಫೋನಿನಲ್ಲಿ. ಹೊಸ ನಕ್ಷತ್ರಸ್ಫೋಟ ಸಿಕ್ಕಿದೆಯಂತೆ! ಮೊದಲು ಕಂಡವಳು ಅವರ ವಿದ್ಯಾರ್ಥಿನಿ ಯಿ-ಚುನ್. ಕ್ಯಾಮೆರಾ ಕಟ್ಟಿದವಳು ನಾನು. ನನ್ನನ್ನು ಒಂದು ಮಾತು ಕೇಳಿಲ್ಲ.

ಮಧ್ಯಾಹ್ನ

ಚಿತ್ರ ನೋಡಿದೆ. ಅನುಮಾನ. ಅದಕ್ಕೂ ಹಿಂದೆ ಆಕಾಶದ ಬೇರೆ ಕಡೆ ತೆಗೆದ ಚಿತ್ರದಲ್ಲಿ, ಚೌಕಟ್ಟಿನ ಸರಿಯಾಗಿ ಅದೇ ಜಾಗದಲ್ಲಿ ಒಂದು ಪ್ರಖರ ನಕ್ಷತ್ರ. ಹೋಗಿ ಹೇಳಿದೆ.

“ಮೇಷ್ಟ್ರೇ, ಕ್ಯಾಮೆರಾದ ಸಿಸಿಡಿ ಚಿಪ್ ಅಂದ್ರೆ ಸಣ್ಣ ಸಣ್ಣ ಗುಂಡಿಗಳ ಸಾಲು. ಬೆಳಕು ಬಿದ್ದಷ್ಟೂ ಎಲೆಕ್ಟ್ರಾನ್ ತುಂಬುತ್ತೆ. ಗುಂಡಿಯಿಂದ ಗುಂಡಿಗೆ ದಾಟಿಸಿ ಮೂಲೇಲಿ ಅಳೀತೀವಿ. ತುಂಬಿ ತುಳುಕಿದ್ರೆ ಒಂದಷ್ಟು ಸಿಲಿಕಾನ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಇಷ್ಟು ಚಳೀಲಿ ಬೇಗ ಬಿಡಲ್ಲ. ಮುಂದಿನ ಚಿತ್ರಕ್ಕೆ ಸೋರುತ್ತೆ. ಇದು ಹೊಸ ನಕ್ಷತ್ರ ಅಲ್ಲ, ಆ ಹಳೇದರ ಉಳಿಕೆ.”

“ಶು-ಚೆನ್, ನಂಗೇ ಪಾಠ ಮಾಡ್ತೀಯಾ? ಇದನ್ನ ನಿಂಗೆ ಹೇಳಿಕೊಟ್ಟಿದ್ದು ಯಾರು?”

ಅವರೇ. ಅದಕ್ಕೇ ಮೈ ಉರಿಯುತ್ತಿದೆ.

ಫೆಬ್ರವರಿ 19

ಪೇಪರಿನಲ್ಲಿ ಯಿ-ಚುನ್ ಫೋಟೊ. ಪಕ್ಕದಲ್ಲಿ ಮೇಷ್ಟ್ರು, ದೊಡ್ಡದಾಗಿ. ಅವಳಮ್ಮ ಊರಲ್ಲಿ ಪಟಾಕಿ ಹೊಡೆಸಿದರಂತೆ. ಹುಡುಗಿ ನಗುತ್ತಿಲ್ಲ.

ಫೆಬ್ರವರಿ 23, ಸಂಜೆ

ಬೆಟ್ಟ ಪೂರ್ತಿ ಮಂಜು. ಮತ್ತೆ ನೋಡಿ ಪರೀಕ್ಷಿಸೋಣವೆಂದರೆ ಆಕಾಶವೇ ಇಲ್ಲ. ಯಿ-ಚುನ್ ಲ್ಯಾಪ್‌ಟಾಪ್ ಹಿಡಿದು ಬಂದಳು.

“ಅಕ್ಕಾ... ಅವತ್ತು ಆ ಸ್ಫೋಟದ ಚಿತ್ರ ಆದ ತಕ್ಷಣ ಶಟರ್ ಮುಚ್ಚಿ ಒಂದು ಚಿತ್ರ ತೆಗೆದಿದ್ದೆ. ಅದ್ರಲ್ಲೂ ಇದೆ, ಆ ಚುಕ್ಕೆ.”

ಬೆಳಕೇ ಹೋಗದ ಕ್ಯಾಮೆರಾದೊಳಗೆ ನಕ್ಷತ್ರ! ನಗಬೇಕೋ ಕಿರುಚಬೇಕೋ.

“ಮೇಷ್ಟ್ರಿಗೆ ತೋರಿಸಿದ್ಯಾ?”

“ಅವತ್ತೇ. ಸುಮ್ನಿರು ಅಂದ್ರು.”

ಫೆಬ್ರವರಿ 24

ಮೇಷ್ಟ್ರ ಮೇಜಿನ ಮೇಲೆ ಆ ಚಿತ್ರ ಇಟ್ಟೆ. ನೋಡಿದರು. ಊಲಾಂಗ್ ಚಹಾ ಬಗ್ಗಿಸಿಕೊಂಡರು.

“ಸರಿ. ಯಿ-ಚುನ್ ಕಣ್ತಪ್ಪು ಅಂತ ಬರೆಯೋಣ. ಹೊಸಬಳು, ಎಲ್ರೂ ಕ್ಷಮಿಸ್ತಾರೆ.”

“ಹೆಸರು ಬಂದಾಗ ಫೋಟೋದಲ್ಲಿ ನೀವು. ತಪ್ಪಾದಾಗ ಅವಳೊಬ್ಳೇನಾ? ನಾಚಿಕೆ ಆಗಲ್ವಾ?”

“ನಿನ್ನ ಕೆಲಸ ಜೂನ್‌ವರೆಗೆ ಅಲ್ವಾ, ಶು-ಚೆನ್?”

ಬಾಗಿಲು ಬಡಿದು ಬಂದೆ. ನಾಡಿದ್ದು ವೀಕ್ಷಣಾಲಯದ ಸಭೆಯಲ್ಲಿ ಹೇಳಿಯೇ ತೀರುತ್ತೇನೆ.

ಫೆಬ್ರವರಿ 26

ಸಭೆ ಮುಗಿಯಿತು. ಮೇಷ್ಟ್ರು ಮೆತ್ತಗೆ ಶುರುಮಾಡಿದರು — “ನಮ್ಮ ಹುಡುಗಿಯ ಅವಸರದಿಂದ...” ಏಳಬೇಕು ಅಂದುಕೊಂಡೆ. ಜೂನ್ ನೆನಪಾಯಿತು. ಏಳಲಿಲ್ಲ.

ಯಿ-ಚುನ್ ಎದ್ದಳು. “ಮೇಷ್ಟ್ರೇ, ಅವಸರ ನಂದಲ್ಲ. ನಾನು ತೋರಿಸ್ದೆ. ನೀವು ಸುಮ್ನಿರು ಅಂದ್ರಿ.”

“ಕೂತ್ಕೋ!”

ಕೂರಲಿಲ್ಲ. ಚಿತ್ರವನ್ನು ಪರದೆಯ ಮೇಲೆ ಹಾಕಿದಳು. ಆಮೇಲೆ ಯಾರೂ ಮೇಷ್ಟ್ರ ಕಡೆ ನೋಡಲಿಲ್ಲ. ಪ್ರಕಟಣೆ ಹಿಂದಕ್ಕೆ ತೆಗೆದುಕೊಳ್ಳುವುದೆಂದಾಯಿತು — ತಪ್ಪು ಮೇಷ್ಟ್ರ ಹೆಸರಿನಲ್ಲೇ.

ಹೊರಗೆ ಅವಳಮ್ಮನ ಫೋನ್. ಯಿ-ಚುನ್ ಅಳುತ್ತಾ ಅದನ್ನು ನನ್ನ ಕೈಗೆ ಕೊಟ್ಟಳು.

“ನನ್ನ ಮಗಳು ಸುಳ್ಳು ಹೇಳಿದ್ಲಾ, ತಾಯಿ?”

“ಇಲ್ಲಮ್ಮಾ. ಅಷ್ಟು ಜನರಲ್ಲಿ ಎದ್ದು ನಿಜ ಹೇಳಿದ್ದು ಅವಳೊಬ್ಳೇ.”

ಒಬ್ಬಳೇ. ನನ್ನ ಬಾಯಿಂದಲೇ ಬಂತು. ಇಷ್ಟು ದಿನ ಕೂಗಾಡಿದ ನಾನು ಆ ಕುರ್ಚಿಯಲ್ಲಿ ಕೂತೇ ಇದ್ದೆ.