ಬಾಗಿಲಿಗೆ ಅಡ್ಡ ಹಾಕಿದ ಕುರ್ಚಿ

ಅಮ್ಮಾ,

ನೀನು ಹೋಗಿ ಮೂರು ವರ್ಷವಾಯಿತು, ಇದನ್ನು ಓದುವುದಿಲ್ಲ. ಆದರೂ ಕೇಳು, ಇವತ್ತು ನಾನು ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮೇಲಿದ್ದಾಗಲೇ ಜಗಳವಾಡಿದೆ.

ಗೌನಿಪಲ್ಲಿ ಕಡೆಯ ಶಿರೀಷಾ, ಒಂಬತ್ತು ತಿಂಗಳಿಗೆ ಬಿದ್ದ ಬಸುರಿ. ತನ್ನ ಸೀಮಂತಕ್ಕೆ ಹೂವು ತರಲು ಗಂಡನ ಬೈಕಿನಲ್ಲಿ ಹೋದವಳು ರಸ್ತೆಯ ಹಂಪಿನಲ್ಲಿ ಎಗರಿ ಬಿದ್ದಿದ್ದಳು. ಮೇಲೆ ಕಂಡದ್ದು ಮೊಣಕೈ ತರಚಿದ ಗಾಯವೊಂದೇ. ಅವಳ ಅತ್ತೆ ಅವಳನ್ನು ಕರೆದುಕೊಂಡು ಹೊರಟೇ ನಿಂತರು.

“ಮಗು ಒದೀತಾ ಐತಲ್ಲಮ್ಮ, ಇನ್ನೇನು? ಮನೇಲಿ ನೆಂಟ್ರು ಕಾಯ್ತಾವ್ರೆ, ಬಳೆ ತೊಡಿಸ್ಬೇಕು.”

ಅದೇ ಮಾತು. ಬಸುರಿ ಅಕ್ಕ ಮೆಟ್ಟಿಲಿಂದ ಜಾರಿ ಬಿದ್ದ ದಿನ ನೀನೂ ಮಗು ಒದೀತಿದೆ ಎಂದೇ ಅವಳನ್ನು ಆಸ್ಪತ್ರೆಯಿಂದ ಹೊರಡಿಸಿದ್ದೆ. ಬೆಳಗಾಗುವಷ್ಟರಲ್ಲಿ ಅಕ್ಕ, ಹೊಟ್ಟೆಯ ಮಗು ಇಬ್ಬರೂ ಇರಲಿಲ್ಲ.

“ನೆಂಟ್ರನ್ನ ಇಲ್ಲಿಗೇ ಕರೆಸಿ. ಇವಳನ್ನ ಮಾತ್ರ ನಾನು ಬಿಡಲ್ಲ” ಎಂದೆ. ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಗೆ ಮಾನಿಟರ್ ಕಟ್ಟಿ, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕುಳಿತೆ. ಬೈದರು, ಬೈಯಲಿ. ಮೂರನೇ ಗಂಟೆಗೆ ಅವಳ ಹೊಟ್ಟೆ ಕಲ್ಲಿನಂತಾಯಿತು, ಮಗುವಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರು ಕೂಡಲೇ ಆಪರೇಷನ್ ಮಾಡಿದರು. ಒಳಗೆ ಗರ್ಭಕೋಶದಿಂದ ಮಾಸು ಬಿಟ್ಟುಕೊಂಡು ರಕ್ತ ತುಂಬಿತ್ತು. ತಾಯಿ, ಹೆಣ್ಣುಮಗು ಇಬ್ಬರೂ ಉಳಿದರು.

ನೀನಿದ್ದಿದ್ದರೆ ನಿನ್ನ ಜೊತೆಗೂ ಹೀಗೇ ಜಗಳವಾಡುತ್ತಿದ್ದೆ, ಹೆದರುತ್ತಿರಲಿಲ್ಲ.

ಅವತ್ತು ಆಡಲಿಲ್ಲ. ಆಗ ನಾನು ನರ್ಸಿಂಗ್ ಎರಡನೇ ವರ್ಷ, ಬಿದ್ದ ಬಸುರಿಯನ್ನು ಗಂಟೆಗಟ್ಟಲೆ ನೋಡಿಕೊಳ್ಳದೆ ಕಳಿಸಬಾರದು ಅನ್ನುವ ಪಾಠ ಓದಿಯೂ ಆಗಿತ್ತು. ನೀನು ಹೊರಡೋಣ ಅಂದ ಕೂಡಲೇ ಓಡಿಹೋಗಿ ಆಟೋ ಕರೆತಂದವಳು ನಾನೇ.